ಸ್ನಾನವಾದ ಮೇಲಿನ ದಿನಗಳು

ಸ್ನಾನವಾದ ಮೇಲಿನ ಹತ್ತು ಹನ್ನೆರಡು ದಿನ ಹೆಣ್ಣಿನ ಮೈ ಹಗುರವಾಗಿರುತ್ತದೆ ಎಂದು ಜೋಗದ ನಮ್ಮ ಕ್ವಾರ್ಟರ್ಸ್ ಸಾಲಿನ ಹೆಂಗಸರು ಹೇಳುತ್ತಿದ್ದರು. ಮುಟ್ಟಿನ ಮೂರು ದಿನ ಹೊರಗೆ ಕೂತು, ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವಳಿಗೆ ಕೆಲಸದ ಹುಮ್ಮಸ್ಸು ಬರುತ್ತದಂತೆ, ಮುಖಕ್ಕೆ ಕಳೆ ಬರುತ್ತದಂತೆ, ಗಂಡನ ಮೇಲಿನ ಸಿಟ್ಟೂ ಕಡಿಮೆಯಾಗುತ್ತದಂತೆ. ಹಪ್ಪಳ ಒತ್ತುವುದು, ಹಾಸಿಗೆ ಕೊಡವಿ ಬಿಸಿಲಿಗೆ ಹಾಕುವುದು, ಅಟ್ಟ ಗುಡಿಸುವುದು ಮುಂತಾದ ದೊಡ್ಡ ಕೆಲಸಗಳನ್ನೆಲ್ಲ ಅವರು ಆ ದಿನಗಳಿಗೇ ಇಟ್ಟುಕೊಳ್ಳುತ್ತಿದ್ದರು. ಯಾರ ಮನೆಯ ಹಿಂದೆ ಹಾಸಿಗೆ ಕೊಡವುವ ಸದ್ದಾಯಿತೋ ಅವರ ಸ್ನಾನವಾಗಿದೆ ಎಂದು ಸಾಲಿಗೆಲ್ಲ ಗೊತ್ತಾಗುತ್ತಿತ್ತು.

ನನಗೆ ಮಾತ್ರ ಆ ದಿನಗಳೆಂದರೆ ಜೀವ ಬಾಯಿಗೆ ಬರುತ್ತಿತ್ತು. ಎರಡು ವರ್ಷ ಹಾಗೆ ಕಳೆದೆ. ಅದು ಎಪ್ಪತ್ತರ ದಶಕದ ಕೊನೆ. ನನಗಾಗ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ.

ಈಗಿನ ಹುಡುಗಿಯರು ಈ ವಿಷಯವನ್ನೆಲ್ಲ ಸಲೀಸಾಗಿ ಮಾತಾಡುತ್ತಾರೆ, ಹಳೆಯದನ್ನು ಕೆದಕಿ ಏನಾಗಬೇಕು ಎಂದು ನನಗೂ ಅನಿಸಿತ್ತು. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಸೆರಗಿನ ತುದಿ ಸುತ್ತುತ್ತ, ಒಳಗೆ ಹೋಗಿ ಅರ್ಧ ಮಾತು ಹೇಳಿ ಎದ್ದು ಬರುವ ಹೆಂಗಸರು ಈಗಲೂ ಇದ್ದಾರೆ. ಅವರನ್ನು ಕಂಡರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಹಳೆಯ ಹೆದರಿಕೆ ಏಳುತ್ತದೆ. ಎಂಬತ್ತರ ಹತ್ತಿರವಿರುವ ನನ್ನ ಅಕ್ಕನನ್ನು ಕೇಳಿದೆ, ಬರೆಯಲಾ ಎಂದು. "ನನ್ನ ಹೆಸ್ರು ಹಾಕ್ಬೇಡ, ಮಿಕ್ಕಿದ್ದು ಎಂತ ಬೇಕಾದ್ರೂ ಬರ್ಕಾ" ಎಂದಳು. ಅದಕ್ಕೇ ಇಲ್ಲಿ ಅವಳು ಬರೀ ಅಕ್ಕ.

ನನ್ನವರು ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದರು. ಶಿಫ್ಟಿನ ಕೆಲಸ, ಟ್ರಾಲಿಯಲ್ಲಿ ಕಣಿವೆಗೆ ಇಳಿದು ಹೋಗುವವರು, ಎಂಟು ಗಂಟೆ ಕಳೆದು ಹತ್ತಿ ಬರುವವರು. ಮನೆಯಲ್ಲಿ ನಾವಿಬ್ಬರು, ನಾಲ್ಕು ವರ್ಷದ ಮಗಳು ಪುಟ್ಟಿ, ಮತ್ತು ಅತ್ತೆ. ಕ್ವಾರ್ಟರ್ಸಿನ ಮನೆಯೆಂದರೆ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಹೊರಗೆ ಕೂರಲು ಬೇರೆ ಜಾಗ ಎಲ್ಲಿ? ಹಿಂದಿನ ವರಾಂಡದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅತ್ತೆ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ ಇಟ್ಟಿದ್ದರು. ಅಲ್ಲಿ ನಾನು ಕಂಡೆನೆಂದರೆ ಆ ತಿಂಗಳ ನನ್ನ ವರದಿ ಸಾಲಿಗೆಲ್ಲ ಸಲ್ಲಿಕೆಯಾದಂತೆ.

ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಅವರಿಗೆ ಎರಡೂ ಮಂಡಿ ಹೋಗಿದ್ದವು. ನಾನು ಹೊರಗೆ ಕೂತ ಮೂರು ದಿನ ಅವರೇ ಅಡುಗೆಮನೆಯ ಗೋಡೆ ಹಿಡಿದುಕೊಂಡು, ಅಮ್ಮಾ ಅಯ್ಯಾ ಎನ್ನುತ್ತ ಬೇಯಿಸಿ ಹಾಕುತ್ತಿದ್ದರು. ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಹಂಡೆಗೆ ಉರಿ ಹಾಕಿ, ಬಾಗಿಲ ಬಳಿ ನಿಂತು, "ನೀರು ಕಾದೈತೆ ಸರೋಜ, ಏಳವ್ವ" ಎನ್ನುತ್ತಿದ್ದರು. ಆ ದನಿಯಲ್ಲಿ ಎಷ್ಟು ಆಸೆ ಇರುತ್ತಿತ್ತೆಂದರೆ, ಇಲ್ಲ ಅತ್ತೆ, ನನಗಿನ್ನೂ ನಿಂತಿಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ನಿಂತಿರುತ್ತಿರಲಿಲ್ಲ. ಪುಟ್ಟಿ ಹುಟ್ಟಿ ಎರಡು ವರ್ಷದ ಮೇಲೆ ಶುರುವಾದದ್ದು. ಮೊದಮೊದಲು ಐದು ದಿನ, ಆಮೇಲೆ ಎಂಟು, ಆಮೇಲೆ ಹನ್ನೊಂದು, ಹನ್ನೆರಡು. ನಾನು ನಾಲ್ಕನೆಯ ದಿನ ಸೀಗೆಪುಡಿ ಹಚ್ಚಿ ತಲೆಗೆ ಸ್ನಾನ ಮಾಡುತ್ತಿದ್ದೆ, ಚಾಪೆ ತೊಳೆದು ಗೋಡೆಗೆ ಒರಗಿಸುತ್ತಿದ್ದೆ, ಒಳಗೆ ಹೋಗಿ ಒಲೆ ಮುಟ್ಟುತ್ತಿದ್ದೆ, ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಎಲ್ಲವನ್ನೂ ಒಳಗೆ ಬಟ್ಟೆ ಕಟ್ಟಿಕೊಂಡೇ. ಮೂರು ದಿನದ ಬಟ್ಟೆಯನ್ನು ವರಾಂಡದ ತಂತಿಯ ಮೇಲೆ ಒಣಗಿಸಬಹುದಿತ್ತು, ಹಳೆಯ ಟವೆಲಿನ ಅಡಿ. ನಾಲ್ಕನೆಯ ದಿನದ ಮೇಲೆ ತಂತಿಯಲ್ಲಿ ಬಟ್ಟೆ ಕಾಣುವಂತಿರಲಿಲ್ಲ. ಪುಟ್ಟಿಯ ಬಟ್ಟೆಯ ಟ್ರಂಕಿನ ಹಿಂದೆ ಹರಡುತ್ತಿದ್ದೆ. ಜೋಗದ ಹವೆಯಲ್ಲಿ, ನೀರಿನ ತುಂತುರು ಗಾಳಿಯಲ್ಲೇ ಇರುವ ಊರಿನಲ್ಲಿ, ಅದು ಯಾವಾಗ ಒಣಗಬೇಕು? ಒದ್ದೆ ಬಟ್ಟೆಯನ್ನೇ ಕಟ್ಟಿಕೊಳ್ಳುತ್ತಿದ್ದೆ.

ಹೆದರಿಕೆ ಎರಡು ಥರದ್ದಿತ್ತು. ಮೊದಲನೆಯದು ದೀಪದ್ದು. ಮುಟ್ಟಿನಲ್ಲಿ ದೇವರ ಸಾಮಾನು ಮುಟ್ಟಿದರೆ ಏನಾಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೆನಲ್ಲ. ಪುಟ್ಟಿಗೆ ಜ್ವರ ಬಂದರೆ ನನ್ನಿಂದಲೇ, ಇವರ ಟ್ರಾಲಿ ಹತ್ತು ನಿಮಿಷ ತಡವಾದರೆ ನನ್ನಿಂದಲೇ. ಆದರೆ ಇದು ಮುಟ್ಟಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮುಟ್ಟು ಮೂರು ದಿನ, ಸ್ನಾನವಾಯಿತು, ಮುಗಿಯಿತು. ಆಮೇಲೆ ಹೋಗುವುದು ಬೇರೆ ಏನೋ, ಒಂದು ಕಾಯಿಲೆ, ಅದಕ್ಕೆ ಮೈಲಿಗೆ ಇಲ್ಲ. ಹೀಗೆ ಹೇಳಿಕೊಂಡು ಹೇಳಿಕೊಂಡು ನಾನೇ ಅದನ್ನು ನಂಬಿದೆ. ನಂಬಿದ ಕೂಡಲೇ ಎರಡನೆಯ ಹೆದರಿಕೆ ಎದ್ದು ಕೂತಿತು.

ನನ್ನ ಅವ್ವ ತೀರ್ಥಹಳ್ಳಿಯಲ್ಲಿ ಸತ್ತಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ಗರ್ಭಕೋಶದ ಹುಣ್ಣು ಎಂದರು. ಕೊನೆಯ ಮೂರು ತಿಂಗಳು ಅವಳಿದ್ದ ಕೋಣೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಬಾಗಿಲಿನ ಹೊರಗೆ ಲೋಬಾನದ ಹೊಗೆ ಹಾಕಿರುತ್ತಿದ್ದರು, ಆ ಹೊಗೆಯನ್ನೂ ಮೀರಿ ವಾಸನೆ ಬರುತ್ತಿತ್ತು. ಅವಳಿಗೆ ಮೂವತ್ತಾರು ವರ್ಷ. ಸಾಯುವ ಹಿಂದಿನ ವಾರ ಬಾಗಿಲ ಸಂದಿಯಲ್ಲಿ ನನ್ನನ್ನು ಕಂಡು, "ಊಟ ಆಯ್ತನೇ?" ಎಂದು ಕೇಳಿದ್ದಳು. ನನಗೆ ನೆನಪಿರುವ ಅವಳ ದನಿ ಅದೊಂದೇ. ಟ್ರಂಕಿನ ಹಿಂದೆ ಕೈ ಹಾಕಿ ಬಟ್ಟೆ ತೆಗೆಯುವಾಗಲೆಲ್ಲ ನಾನು ಅದನ್ನು ಮೂಗಿಗೆ ಹಿಡಿದು ನೋಡುತ್ತಿದ್ದೆ, ಆ ವಾಸನೆ ಬಂತಾ ಎಂದು. ಬಂದಿಲ್ಲ ಎನಿಸಿದರೂ ನಂಬಿಕೆ ಬರುತ್ತಿರಲಿಲ್ಲ. ಪುಟ್ಟಿಯನ್ನು ನೋಡಿದರೆ, ಇವಳು ಎಷ್ಟನೆಯ ವಯಸ್ಸಿಗೆ ಬಾಗಿಲ ಸಂದಿಯಲ್ಲಿ ನಿಲ್ಲುತ್ತಾಳೋ ಎಂದು ಲೆಕ್ಕ ಹಾಕುತ್ತಿದ್ದೆ.

ಸೊಸೈಟಿ ಅಂಗಡಿಯಿಂದ ಮನೆಗೆ ಬರುವ ಏರಿನಲ್ಲಿ ಒಂದು ದಿನ ಬಿದ್ದೆ. ಸ್ನಾನವಾಗಿ ಆರನೆಯ ದಿನ. ಕಣ್ಣು ಬಿಟ್ಟಾಗ ಸಕ್ಕರೆಯೆಲ್ಲ ರಸ್ತೆಯ ಮೇಲಿತ್ತು, ಎದುರು ಮನೆಯವರು ಮುಖಕ್ಕೆ ನೀರು ಚಿಮುಕಿಸುತ್ತ, "ಎರಡನೇದಾ?" ಎಂದು ನಗುತ್ತಿದ್ದರು. ನಾನು ಸ್ನಾನ ಮಾಡಿ ವಾರವೂ ಆಗಿಲ್ಲ ಎಂದು ಆ ಆಸೆಯಲ್ಲಿ ಯಾರೂ ಎಣಿಸಲಿಲ್ಲ, ಸಾಲಿಗೆಲ್ಲ ಸಿಹಿಸುದ್ದಿ ಹಬ್ಬಿತು. ಅತ್ತೆ ಅವತ್ತು ಪಾಯಸ ಮಾಡಿದರು, ಪಾಪ, ಆ ಮಂಡಿ ಇಟ್ಟುಕೊಂಡು. ನಾನು ಪಾಯಸದ ಮುಂದೆ ಕೂತು ಅತ್ತುಬಿಟ್ಟೆ. ಆ ರಾತ್ರಿ, ಅತ್ತೆ ಮಲಗಿದ ಮೇಲೆ, ಇವರಿಗೆ ಹೇಳಿದ್ದು, ಅದೂ ಪೂರ್ತಿಯಲ್ಲ. "ಸ್ನಾನ ಆದ ಮೇಲೂ ಒಂಚೂರು ಕಾಣ್ತದೆ. ಅವ್ವನಿಗಾದ ಹಾಗೇ ಆಗ್ತಿದೆಯೋ ಏನೋ." ಇವರು ಎದ್ದು ಕೂತರು. ಆಮೇಲೆ, "ನಾಳೆ ಶಿಫ್ಟ್ ಬದಲಾಯಿಸ್ಕೊಳ್ತೀನಿ, ಸಾಗರಕ್ಕೆ ಹೋಗ್ಬರಾಣ" ಎಂದರು.

ಸಾಗರದಲ್ಲಿ ಒಬ್ಬರು ಲೇಡಿ ಡಾಕ್ಟರು ನರ್ಸಿಂಗ್ ಹೋಂ ಇಟ್ಟುಕೊಂಡಿದ್ದರು. ಮುಂದಿನ ಹಜಾರದಲ್ಲಿ ಗೋಡೆಗುಂಟ ಬೆಂಚುಗಳು. ಒಂದು ಕಡೆ ಬಸುರಿಯರು, ಇನ್ನೊಂದು ಕಡೆ ನನ್ನಂಥವರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ, ನಾವೇ ಬೇರೆ ಬೇರೆ ಕೂತಿದ್ದೆವು. ಬಸುರಿಯರ ಕಡೆ ಮಾತು, ಕಿತ್ತಳೆ ಸಿಪ್ಪೆ, ನಗು. ನಮ್ಮ ಕಡೆ ಎಲ್ಲರೂ ನೆಲ ನೋಡುತ್ತಿದ್ದರು. ಎರಡೂವರೆ ಗಂಟೆ ಕೂತೆ. ಎದ್ದಾಗ ಬೆಂಚಿಗೆ ಕಲೆಯಾಗಿದ್ದರೆ ಎಂಬ ಭಯಕ್ಕೆ ಬಾಯಾರಿದರೂ ನೀರಿಗೆ ಏಳಲಿಲ್ಲ.

ಡಾಕ್ಟರು ತೆಳ್ಳಗಿನ, ಚುರುಕು ಮಾತಿನವರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು.

"ತಿಂಗಳಿಗೆ ಎಷ್ಟು ದಿನ ಹೋಗತ್ತೆ?"

"ಮೂರು ದಿನ."

"ಮತ್ತೆ ತೊಂದರೆ ಏನು?"

"ಸ್ನಾನ ಆದ ಮೇಲೆ ಕಾಣ್ತದೆ ಡಾಕ್ಟ್ರಮ್ಮ."

"ಅಂದ್ರೆ, ನಿಂತು ಮತ್ತೆ ಬರುತ್ತಾ? ಮಧ್ಯದಲ್ಲಿ?"

ಹೂಂ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆಣೆಗೂ ಅಲ್ಲ. ನಮ್ಮ ಮನೆಯಲ್ಲಿ, ನಮ್ಮ ಸಾಲಿನಲ್ಲಿ, ನಾನು ಹುಟ್ಟಿದ ಮನೆಯಲ್ಲಿ ಮುಟ್ಟೆಂದರೆ ಮೂರು ದಿನ. ನಾಲ್ಕನೆಯ ದಿನ ಮೈಯಲ್ಲಿ ಏನೇ ಆಗುತ್ತಿರಲಿ, ಹಂಡೆಯ ನೀರು ತಲೆಯ ಮೇಲೆ ಬಿದ್ದರೆ ಅದು ಮುಗಿಯಿತು. ಡಾಕ್ಟರ ಪೆನ್ನು ನಿಂತಿತು. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದರು. ಅವ್ವನ ವಿಷಯ ಹೇಳಿದೆ. ಅವರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ರಕ್ತಕ್ಕೆ ಕಬ್ಬಿಣದ ಮಾತ್ರೆ ಕೊಟ್ಟರು, ಜೊತೆಗೆ ತಿಂಗಳ ಲೆಕ್ಕ ಸರಿಯಾಗಲು ಸಣ್ಣ ಬಿಳಿಯ ಮಾತ್ರೆ. "ಐದನೇ ದಿನದಿಂದ ಶುರು ಮಾಡಿ, ಇಪ್ಪತ್ತು ದಿನ. ಇದು ತಗೊಳ್ತಿದ್ದಾಗಲೂ ಮಧ್ಯದಲ್ಲಿ ಕಂಡರೆ ತಡ ಮಾಡಬೇಡಿ, ಬನ್ನಿ." ಆ ಕೊನೆಯ ಮಾತನ್ನು ಅವರು ಹೊರಗಿದ್ದ ಇವರನ್ನು ಒಳಗೆ ಕರೆಸಿ, ಇವರ ಮುಖ ನೋಡಿ ಹೇಳಿದರು.

ಐದನೆಯ ದಿನ. ನಾನು ಸ್ನಾನದ ದಿನವನ್ನು ಒಂದು ಎಂದು ಹಿಡಿದು, ಬೆರಳು ಮಡಿಸಿ, ಐದು ಎಣಿಸಿ, ಮಾತ್ರೆ ಶುರುಮಾಡಿದೆ. ಬೇರೆ ಹೇಗೆ ಎಣಿಸುವುದು? ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಸಣ್ಣ ಚುಕ್ಕೆ ಇಡುತ್ತಿದ್ದುದು ಸ್ನಾನದ ದಿನಕ್ಕೇ. ನನ್ನ ಅಕ್ಕ ಹಾಗೇ ಇಡುತ್ತಿದ್ದಳು. ಬಸುರಿಯಾದರೆ ತಿಂಗಳು ಎಣಿಸುವುದೂ ಸ್ನಾನದಿಂದಲೇ. ಹೊರಗೆ ಕೂತ ದಿನಗಳು ನಮ್ಮ ಎಣಿಕೆಗೆ ಬರುತ್ತಲೇ ಇರಲಿಲ್ಲ.

ಮಾತ್ರೆ ನುಂಗುತ್ತಿದ್ದಾಗಲೇ ಕಂಡಿತು. ಮೊದಲ ದಿನ, ಎರಡನೆಯ ದಿನ, ಮೂರನೆಯ ದಿನ. ತಡ ಮಾಡಬೇಡಿ ಎಂದಿದ್ದರು. ನಾನು ತಡ ಮಾಡಿದೆ. ಹೋದರೆ ಹೇಳಿಬಿಡುತ್ತಾರಲ್ಲ ಎಂದು. ಇಷ್ಟು ದಿನ ಹೆಸರಿಲ್ಲದೆ ಇದ್ದದ್ದಕ್ಕೆ ಹೆಸರಿಟ್ಟುಬಿಡುತ್ತಾರಲ್ಲ ಎಂದು. ಮುಂದಿನ ತಿಂಗಳೂ ಹಾಗೇ ಆಯಿತು. ಆ ಸಲ ಇವರೇ ಕೇಳಿದರು, ನಾನು ತಲೆ ತಗ್ಗಿಸಿದೆ, ಮರುದಿನದ ಮೊದಲ ಬಸ್ಸಿಗೆ ಹತ್ತಿಸಿದರು.

ಈ ಸಲ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ಹೊರಗೆ ಕೂರಿ ಎಂದು, ಇವರನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಮಾತು ಕೇಳಲಿಲ್ಲ, ಒಂದು ಪದ ಮಾತ್ರ ಕೇಳಿತು. ಇವರು ಹೊರಗೆ ಬಂದು, ನನ್ನ ಪಕ್ಕ ಕೂತು, ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ಉಂಗುಷ್ಟವನ್ನು ಮತ್ತೆ ಮತ್ತೆ ಸರಿಮಾಡಿಕೊಂಡರು.

"ಒಳಗೆ ಸ್ವಲ್ಪ ಕೆರೆದು ಟೆಸ್ಟಿಗೆ ಕಳಿಸ್ತಾರಂತೆ. ಏನೂ ಇರಲ್ಲಂತೆ. ಸುಮ್ಮನೆ ನೋಡಕ್ಕೆ."

"ಕ್ಯಾನ್ಸರ್ ಅಂದ್ರಲ್ಲ."

"ಅದಲ್ಲ ಅಂತ ನೋಡಕ್ಕೆ, ಅಂದ್ರು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪುಟ್ಟಿಗೆಂದು ಕೊಂಡ ಸೀಬೆಹಣ್ಣನ್ನು ಇವರು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ನಮ್ಮ ಮದುವೆಯಾಗಿ ಆರು ವರ್ಷ. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅವತ್ತೂ ನೋಡದವಳಂತೆ ಕೂತೆ. ಇವರಿಗೂ ಹೆದರಿಕೆ ಎಂದು ಗೊತ್ತಾದ ಮೇಲೆ ನನ್ನದು ಹತ್ತು ಪಟ್ಟಾಯಿತು.

ಅಡ್ಮಿಟ್ ಆದ ದಿನ ಬೆಳಿಗ್ಗೆ ಒಬ್ಬ ವಯಸ್ಸಾದ ನರ್ಸ್ ಫಾರಂ ತುಂಬಿಸಲು ಬಂದರು. ಕರಾವಳಿಯ ಕಡೆಯವರು, ಎಲ್ಲರನ್ನೂ ಮಾರಾಯ್ತಿ ಎನ್ನುತ್ತಿದ್ದರು.

"ಕಡೆಯ ಸಲ ಆದದ್ದು ಯಾವತ್ತು?"

ಕ್ಯಾಲೆಂಡರಿನ ಚುಕ್ಕೆಯ ದಿನ ಹೇಳಿದೆ.

"ಹಾಗಾದ್ರೆ ಇವತ್ತಿಗೆ ಆರು ದಿನ ಆಯ್ತು. ಈಗ ಇದೆಯಾ?"

"ಇದೆ. ಆದರೆ ಇದು ಅದಲ್ಲ ಸಿಸ್ಟರ್. ಇದು ಬೇರೆ. ಸ್ನಾನ ಆದ ಮೇಲಿನದ್ದು."

ಅವರು ಬರೆಯುವುದು ಬಿಟ್ಟು ನನ್ನ ಮುಖ ನೋಡಿದರು. ಮಂಚದ ತುದಿಗೆ ಕೂತರು. "ನೋಡು ಮಾರಾಯ್ತಿ, ನೀನು ಹೊರಗೆ ಕೂತದ್ದು ಯಾವತ್ತು?"

ಹೇಳಿದೆ.

"ಸ್ನಾನದ ದಿನ ನಿಂತಿತ್ತಾ?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಜೋಗದಲ್ಲಿದ್ದರೂ, ಅಲ್ಲೇ ನಿಂತು ಕೇಳಿಸಿಕೊಂಡರೆ ಎನ್ನುವ ಹಾಗೆ. ನಿಂತಿರಲಿಲ್ಲ ಎಂದೆ. ಯಾವ ತಿಂಗಳೂ ನಿಂತಿರಲಿಲ್ಲ, ಎರಡು ವರ್ಷದಿಂದ ನಿಂತಿರಲಿಲ್ಲ. ನಿಲ್ಲದೇ ಸ್ನಾನ ಮಾಡಿ ಅಡುಗೆ ಮಾಡಿದ್ದೇನೆ, ದೀಪ ಹಚ್ಚಿದ್ದೇನೆ. ಬಾಯಿ ಬಿಟ್ಟಮೇಲೆ ಎಲ್ಲ ಬಂತು, ಟ್ರಂಕಿನ ಹಿಂದಿನ ಬಟ್ಟೆಯ ತನಕ. ಸಿಸ್ಟರ್ ನನಗೆ ನೀರು ಕುಡಿಸಿ, ಫಾರಂ ಹಿಡಿದುಕೊಂಡು ಎದ್ದು ಹೋದರು.

ಡಾಕ್ಟರು ಬಂದದ್ದು ಸಿಟ್ಟಿನಲ್ಲೇ.

"ಮೂರು ದಿನ ಅಂದ್ರಲ್ಲಮ್ಮ ನೀವು!"

"ಮೂರು ದಿನವೇ ಡಾಕ್ಟ್ರಮ್ಮ. ನಾಲ್ಕನೇ ದಿನ ಸ್ನಾನ."

ಅವರು ಕೈಯಲ್ಲಿದ್ದ ಕಾಗದವನ್ನು ಮಡಿಸಿದರು, ಬಿಡಿಸಿದರು. ಸಿಟ್ಟು ಯಾರ ಮೇಲೆ ಮಾಡುವುದೆಂದು ಅವರಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ. "ಶುರುವಾದ ದಿನ ಒಂದು. ತಿಳೀತಾ? ಮೈಗೆ ನಿಮ್ಮ ಹಂಡೆ ಗೊತ್ತಿಲ್ಲ, ಅದು ಶುರುವಾದ ದಿನದಿಂದ ಎಣಿಸತ್ತೆ. ನಿಮ್ಮದು ನಿಂತು ಮತ್ತೆ ಬರ್ತಿರೋದಲ್ಲ, ನಿಲ್ಲದೇ ಇರೋದು. ಎರಡಕ್ಕೂ ಬಹಳ ವ್ಯತ್ಯಾಸ ಇದೆ." ನನಗೆ ಉಸಿರು ಬಂತು. ಹಾಗಾದರೆ ಟೆಸ್ಟ್ ಬೇಡವಾ ಎಂದೆ. ಅವರು ತಲೆಯಾಡಿಸಿದರು. "ಅವ್ವನ ವಿಷಯ ಇದೆಯಲ್ಲ. ಮಾಡೇ ಬಿಡೋಣ. ಹೆದರಿಕೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ, ಪೂರ್ತಿ ಈಗಲೇ ಬೇಡ." ಡಾಕ್ಟರೊಬ್ಬರು ನನಗೆ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಕೆರೆದು ತೆಗೆದದ್ದನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ, ಮೇಣದ ಬಟ್ಟೆ ಕಟ್ಟಿ, ಇವರ ಕೈಗೇ ಕೊಟ್ಟರು, ಶಿವಮೊಗ್ಗದ ಲ್ಯಾಬಿಗೆ ಮುಟ್ಟಿಸಿ ಎಂದು. ಆಗೆಲ್ಲ ಹಾಗೇ. ಇವರು ಅದನ್ನು ತಮ್ಮ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಸೀಟು ಸಿಕ್ಕಿದರೂ ಚೀಲವನ್ನು ಕೆಳಗಿಡಲಿಲ್ಲವಂತೆ, ಕುಲುಕಿದರೆ ಕೆಟ್ಟದ್ದಾಗಿಬಿಟ್ಟರೆ ಎಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರಂತೆ. ಪಕ್ಕದಲ್ಲಿದ್ದವರು ದೇವರ ಪ್ರಸಾದವಾ ಎಂದು ಕೇಳಿದರಂತೆ. ಹೌದು ಎಂದರಂತೆ ನನ್ನವರು.

ವರದಿಗೆ ಹದಿನಾರು ದಿನ ಕಾದೆವು. ಆ ಹದಿನಾರು ದಿನ ನಾನು ಪುಟ್ಟಿಗೆ ತಲೆ ಬಾಚಿಕೊಳ್ಳುವುದನ್ನು ಕಲಿಸಿದೆ. ನಾಲ್ಕು ವರ್ಷದ ಕೈಗೆ ಜಡೆ ಎಲ್ಲಿ ಬರಬೇಕು? ಬರುವುದಿಲ್ಲ ಎಂದು ಅತ್ತರೆ ಗದರುತ್ತಿದ್ದೆ. ಅತ್ತೆ ನೋಡಿ ನೋಡಿ ಒಂದು ದಿನ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. "ಎಲ್ಲಿಗೆ ಹೊರಟೀಯ ನೀನು, ಮಗೀಗೆ ಈ ಪರಿ ಕಲಿಸಾಕೆ? ಸುಮ್ಗಿರು." ಎಂದವರು ಬಾಗಿಲ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡರು.

ಹದಿನೇಳನೆಯ ದಿನ ಇವರು ಟ್ರಾಲಿಯಿಂದ ಇಳಿದವರೇ ನೇರ ಬಸ್ಸು ಹತ್ತಿ ಸಾಗರಕ್ಕೆ ಹೋಗಿ, ಮಧ್ಯಾಹ್ನ ವಾಪಸ್ಸು ಬಂದರು. ಏರು ಹತ್ತಿ ಬರುವ ಅವರ ನಡಿಗೆಯನ್ನು ಕಿಟಕಿಯಿಂದ ನೋಡಿದೆ. ಓದಲಾಗಲಿಲ್ಲ. ಒಳಗೆ ಬಂದು, "ಇಲ್ಲ" ಎಂದರು. ಏನಿಲ್ಲ, ಎಂದೆ, ಹುಚ್ಚಿಯ ಹಾಗೆ. "ಅದಿಲ್ಲ ಸರೋಜ. ಅದಿಲ್ಲ." ನಾನು ವರಾಂಡದ ಕಲ್ಲಿನ ಮೇಲೆ ಕೂತುಬಿಟ್ಟೆ.

ಮುಂದಿನ ಸಲ ನಾಲ್ಕನೆಯ ಬೆಳಿಗ್ಗೆ ಅತ್ತೆ ಬಂದು ನೀರು ಕಾದೈತೆ ಎಂದಾಗ, ಚಾಪೆಯಿಂದ ಏಳದೆಯೇ ಹೇಳಿದೆ: "ನಿಂತಿಲ್ಲ ಅತ್ತೆ. ಇನ್ನೂ ಎಷ್ಟು ದಿನ ಅಂತ ಗೊತ್ತಿಲ್ಲ." ಅವರು ಗೋಡೆ ಹಿಡಿದುಕೊಂಡು ತಿರುಗಿದರು. ಹಂಡೆಯ ಉರಿ ಹಿಂದಕ್ಕೆ ಎಳೆದರು. "ಹಂಗಾದ್ರೆ ಹಂಗೇ ಒಳಗೆ ಬಾ. ಹೊರಗೆ ಹತ್ತು ದಿನ ಕೂತ್ರೆ ನನ್ನ ಮಂಡಿ ಗತಿ ಎಂತ? ದೇವ್ರಿಗೆ ನಾನು ಹೇಳ್ಕಳ್ತೀನಿ. ದೀಪ ಒಂದು ಮುಟ್ಬ್ಯಾಡ." ಇಷ್ಟೇ. ನಾನು ಎರಡು ವರ್ಷ ಹೆದರಿ ಸತ್ತದ್ದು ಈ ಮಾತಿಗೆ.

ಮಾತ್ರೆಯನ್ನು ಸರಿಯಾದ ಐದನೆಯ ದಿನದಿಂದ ನುಂಗಿದೆ. ಎರಡನೆಯ ತಿಂಗಳಿಗೆ ಏಳು ದಿನಕ್ಕೆ ನಿಂತಿತು, ಮೂರನೆಯದಕ್ಕೆ ಐದು. ಆ ತಿಂಗಳ ಎಂಟನೆಯ ದಿನ ಬೆಳಿಗ್ಗೆ ಎದ್ದಾಗ ಹಸಿವಾಗಿತ್ತು. ಒಂದು ಕಡುಬು ಸಾಕೆನ್ನುತ್ತಿದ್ದವಳು ನಾಲ್ಕು ತಿಂದೆ. ಸೊಸೈಟಿಯ ಏರನ್ನು ನಡುವೆ ನಿಲ್ಲದೆ ಹತ್ತಿದೆ, ಹತ್ತಿದ ಮೇಲೆ ತಿರುಗಿ ನೋಡಿದೆ, ನಾನೇ ಹತ್ತಿದ್ದಾ ಎಂದು. ಹಾಸಿಗೆಗಳನ್ನೆಲ್ಲ ಹಿಂದೆ ಎಳೆದು ತಂದು ಕೊಡವಿದೆ. ಎದುರು ಮನೆಯವರು ಇಣುಕಿ ನಕ್ಕರು. ಅವರು ಹೇಳುತ್ತಿದ್ದ ಆ ಹಗುರ ಸುಳ್ಳಲ್ಲ. ಆದರೂ ಹೇಳುತ್ತೇನೆ, ಆ ಸುಖವನ್ನು ನಾನು ನಂಬಲಿಲ್ಲ. ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಮತ್ತೆ ಹೋಗುತ್ತಿದ್ದೆ.

ಅಂಥದ್ದೇ ದಿನಗಳಲ್ಲಿ ಪುಟ್ಟಿಯನ್ನು ಕರೆದುಕೊಂಡು ಹೊಸನಗರಕ್ಕೆ ಅಕ್ಕನ ಮನೆಗೆ ಹೋದೆ. ಭಾವ ಹೈಸ್ಕೂಲು ಮೇಷ್ಟರು. ಅಷ್ಟೂ ದಿನ ಅಕ್ಕನಿಗೆ ನಾನು ಪೂರ್ತಿ ತಿಳಿಸಿರಲಿಲ್ಲ. ಅವ್ವನ ನೆನಪಾಗಿ ಹೆದರುತ್ತಾಳೆಂದು. ಈಗ ಎಲ್ಲ ಮುಗಿದಿದೆಯಲ್ಲ, ಅಡುಗೆಮನೆಯ ಹೊಸಿಲ ಮೇಲೆ ಕೂತು ನಗುನಗುತ್ತ ಹೇಳಿದೆ. ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಮೂರು ದಿನ ಅಂದೆ ನೋಡಕ್ಕ, ಡಾಕ್ಟ್ರಮ್ಮ ಪೆಚ್ಚಾಗಿಬಿಟ್ರು! ನಾಲ್ಕನೇ ದಿನ ಸ್ನಾನ ಅಂತ ಮತ್ತೆ ಅಂದೆ..."

ಅಕ್ಕ ನಗಲಿಲ್ಲ. ನಾದುವ ಕೈ ನಿಂತಿತ್ತು.

"ಅವ್ವನೂ ಮೂರು ದಿನ ಅಂದಿದ್ಲು" ಎಂದಳು.

"ಯಾರ ಹತ್ರ?"

"ಡಾಕ್ಟ್ರ ಹತ್ರ, ತೀರ್ಥಳ್ಳೀಲಿ. ಅಪ್ಪಯ್ಯ ಹೊರಗೆ ನಿಂತಿದ್ರು, ಒಳಗೆ ಅವಳ ಜೊತೆ ನಾನೇ ಇದ್ದೆ. ಎಷ್ಟು ದಿನ ಹೋಗ್ತದೆ ಅಂತ ಕೇಳಿದ್ರು. ಮೂರು ದಿನ ಅಂದ್ಲು. ಹಾಗಾದ್ರೆ ನಿಶ್ಶಕ್ತಿ ಅಷ್ಟೇ ಅಂತ ಟಾನಿಕ್ ಬರ್ದು ಕಳ್ಸಿದ್ರು. ಬಟ್ಟೆ ಒಗೀತಿದ್ದವಳು ನಾನು ಸರೋಜ. ತಿಂಗಳಲ್ಲಿ ಅರ್ಧ ತಿಂಗಳು ಒಗೀತಿದ್ದೆ. ನಂಗೆ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ."

ಆ ಟಾನಿಕ್ ಬಾಟಲಿಗಳು ಬಂದಲ್ಲಿಂದ ಅವ್ವ ಆ ಕೋಣೆ ಸೇರುವ ತನಕ ಒಂದು ವರ್ಷ ಇತ್ತು. ಒಂದು ಪೂರ್ತಿ ವರ್ಷ. "ನೀನಾಗ ಹದಿನೈದೂ ತುಂಬದವಳು, ನಿಂಗೆಂತ ಗೊತ್ತಾಗ್ತದೆ" ಎಂದೆ. ಅವಳ ಕೈ ಹಿಡಿದೆ. ಹಿಟ್ಟು ಮೆತ್ತಿದ್ದ ಕೈ. ಉಗುರಿನ ಮೇಲಿನ ಹಿಟ್ಟನ್ನು ಒರೆಸಿದೆ. ಒರೆಸಿದ ಮೇಲೂ ಉಗುರು ಬಿಳಿಯಾಗೇ ಇತ್ತು. ಆರು ತಿಂಗಳಿಂದ ನನ್ನ ಉಗುರನ್ನು ಡಾಕ್ಟರು ಒತ್ತಿ ನೋಡುವುದನ್ನು ನೋಡಿದ್ದೆ. ಒತ್ತಿದೆ. ಕೆಂಪು ಬರಲಿಲ್ಲ.

"ಅಕ್ಕ, ನಿಂಗೆಷ್ಟು ದಿನ?"

"ಮೂರು" ಎಂದಳು.

ಅಂದವಳೇ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳಿಗೆ ಮೂವತ್ತನಾಲ್ಕು ವರ್ಷ. ಆ ಕ್ಷಣ ನನ್ನ ಎದೆಯಲ್ಲಿ ಆದದ್ದು, ನನ್ನ ಸ್ವಂತದ ಎರಡು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದೆವು. ಬೆಂಚಿನ ನನ್ನ ಕಡೆಯಲ್ಲೇ ಕೂತೆವು, ಇಬ್ಬರೂ, ಎರಡು ಗಂಟೆ. ಒಳಗೆ ಕರೆದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಬಳೆ ಚುಚ್ಚಿದರೂ ಬಿಡಿಸಿಕೊಳ್ಳಲಿಲ್ಲ. ಡಾಕ್ಟರು ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ಪೆನ್ನು ತೆಗೆದುಕೊಂಡರು.

"ತಿಂಗಳಿಗೆ ಎಷ್ಟು ದಿನ ಹೋಗತ್ತೆ?"

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಹದಿನಾಲ್ಕು" ಎಂದಳು ಅಕ್ಕ. "ಶುರುವಾದ ದಿನದಿಂದ."